ಖಾಲಿ ಗಾಡಿಯ ಊರು

ಚಾಚಾನ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಚಪ್ಪಲಿಯನ್ನು ಸೀಟಿನ ಕೆಳಗೆ ತಳ್ಳಿ ಬರಿಗಾಲಲ್ಲೇ ಟಂಟಂ ರಿಕ್ಷಾ ಓಡಿಸುತ್ತಿದ್ದ. ಹೆಬ್ಬೆರಳಿನ ಉಗುರು ಎಂದೋ ಸೀಳಿ ಎರಡಾಗಿ ಬೆಳೆದಿತ್ತು. ಆ ಕಾಲು ಬ್ರೇಕಿನ ಪಕ್ಕದ ತಗಡಿನ ಮೇಲೆ ತಾಳ ಹಾಕುತ್ತಲೇ ಇರುತ್ತಿತ್ತು. ಹಾಡು ಏರಿದಾಗ ತಗಡು ಯಾವುದು, ಬ್ರೇಕ್ ಯಾವುದು ಎಂಬುದು ಅದಕ್ಕೆ ಮರೆತುಹೋಗುತ್ತಿತ್ತು. ಗಾಡಿ ಗಕ್ಕನೆ ಜಗ್ಗಿ ಹಿಂದಿನವರ ತಲೆಗೆ ತಲೆ ಬಡಿಯುತ್ತಿತ್ತು. ಬೈಲಹೊಂಗಲ–ನೇಸರಗಿ ನಡುವೆ ದಿನಾ ಓಡಾಡುವವರು ಪಲ್ಲವಿ ಮರಳಿ ಬರುವ ಹೊತ್ತಿಗೆ ತಾವಾಗಿಯೇ ಮೇಲಿನ ಸರಳು ಹಿಡಿದುಕೊಳ್ಳುತ್ತಿದ್ದರು. ಹೊಸಬರು ಮಾತ್ರ ಬೈಯುತ್ತಿದ್ದರು.

"ಚಾಚಾ, ಹಾಡರ ಹಾಡು, ಇಲ್ಲಾ ಗಾಡಿಯರ ಹೊಡಿ," ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ.

"ಎರಡೂ ಒಂದಽ ಕಾಲಾಗ ಅದಾವಪಾ, ಏನ ಮಾಡ್ಲಿ," ಅನ್ನುತ್ತಿದ್ದ.

ಅವನ ಮೂಲ ಊರು ರಾಮದುರ್ಗದ ಕಡೆಯ ಸುರೇಬಾನ. ಅಲ್ಲಿಯ ರಿವಾಯತ ಮೇಳದಲ್ಲಿ ಸಣ್ಣವನಿದ್ದಾಗಿನಿಂದ ಹಾಡಿದವನು. ಮೊಹರಮ್ಮಿನಲ್ಲಿ ಕಾಲಿಗೆ ಗೆಜ್ಜೆ, ಕೈಯಲ್ಲಿ ಕರವಸ್ತ್ರ ಹಿಡಿದು, ಸುತ್ತುಗಟ್ಟಿ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಮೇಳ ಅದು. ನಮ್ಮ ಕಡೆ ಇದಕ್ಕೆ ಜಾತಿಯ ಲೆಕ್ಕವಿಲ್ಲ, ಮೇಳದಲ್ಲಿ ಎಲ್ಲರೂ ಇರುತ್ತಾರೆ. ಮದುವೆಯಾದ ಮೇಲೆ ಬೈಲಹೊಂಗಲಕ್ಕೆ ಬಂದು ಟಂಟಂ ಹಿಡಿದ. ಮೊಹರಮ್ ಬಂತೆಂದರೆ ಗಾಡಿ ನಿಲ್ಲಿಸಿ ಸುರೇಬಾನಕ್ಕೆ ಹೊರಟುಬಿಡುತ್ತಿದ್ದ. ವರ್ಷದ ಉಳಿದ ದಿನಗಳಲ್ಲಿ ಅವನ ಮೇಳವೆಂದರೆ ಆ ದಿನದ ಪ್ರಯಾಣಿಕರು.

ನಾನು ನೇಸರಗಿಯವನು. ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ. ಹಾಡು ಬರೆಯುವುದು, ಅದಕ್ಕೆ ಧಾಟಿ ಹುಡುಕುವುದು ನನಗೆ ಹತ್ತಿದ ಹುಚ್ಚು. ಯಾರೂ ಬರೆಯೆಂದು ಹೇಳಿದ್ದಲ್ಲ, ಬರೆದದ್ದನ್ನು ಯಾರೂ ಕೇಳಿದ್ದೂ ಅಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಬರದಿರಲೆಂದು ಕಿಟಕಿಗೆ ಕೌದಿ ಕಟ್ಟಿ, ಮೊಬೈಲಿನಲ್ಲಿ ನಾನೇ ಹಾಡಿ, ನನ್ನದೇ ಒಂದು ಚಾನೆಲ್ಲಿಗೆ ಹಾಕುತ್ತಿದ್ದೆ. ನನ್ನ ದನಿಯೋ, ಗಂಟಲಲ್ಲಿ ಜೋಳದ ರವದಿ ಸಿಕ್ಕಿಕೊಂಡ ಹಾಗೆ. ಗಿರಣಿಯ ಸದ್ದು ಕೌದಿ ದಾಟಿಯೂ ಬರುತ್ತಿತ್ತು. ನಮ್ಮ ಸೋದರಮಾವ ಹಾಡು ಕೇಳುವ ಮೊದಲೇ ಮೆಚ್ಚುಗೆಯ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು. ಅವರನ್ನು ಬಿಟ್ಟರೆ ಇನ್ನಾರೋ ಒಬ್ಬರು ಅಂಗಡಿ ಯಾವಾಗ ತೆರೆಯುತ್ತದೆ ಎಂದು ಅದೇ ಹಾಡಿನ ಕೆಳಗೆ ಕೇಳಿದ್ದರು. ಇಷ್ಟೇ ನನ್ನ ಕೀರ್ತಿ.

ಚಾಚಾನ ಪಕ್ಕದ ಮುಂದಿನ ಸೀಟಿನಲ್ಲಿ ಕುಳಿತು ಒಂದು ಬೆಳಿಗ್ಗೆ ಗುನುಗುತ್ತಿದ್ದಾಗ ಅವನು ತಾಳ ನಿಲ್ಲಿಸಿ ಕೇಳಿದ.

"ಇದು ಯಾರದು?"

"ನಂದ."

"ನಿಂದಂದ್ರ? ನೀ ಬರದೀಯೇನು?"

"ಹೂಂ."

ಅಲ್ಲಿಂದ ಬೈಲಹೊಂಗಲದವರೆಗೆ ಅವನು ಅದೇ ಧಾಟಿಯ ತಾಳವನ್ನು ಕಾಲಿನಲ್ಲಿ ಹಿಡಿದು ನೋಡಿದ. ಇಳಿಯುವಾಗ ಇಡೀ ಗಾಡಿಗೆ ಕೇಳುವ ಹಾಗೆ, "ಕವಿಗಳು ಇಳೀತಾರ, ಸ್ವಲ್ಪ ಸರೀರಿ," ಎಂದ. ನಾಚಿಕೆಯಿಂದ ಚಿಲ್ಲರೆ ತೆಗೆದುಕೊಳ್ಳದೆ ಇಳಿದುಹೋದೆ. ಅವತ್ತಿನಿಂದ ಆ ಹೆಸರು ನನಗೆ ಅಂಟಿಕೊಂಡಿತು.

ಮುಂದೆ ನನ್ನ ಹಾಡಿನ ಬದುಕಿಗೆ ಬಂದವರೆಲ್ಲ ಆ ಗಾಡಿಯಿಂದಲೇ ಬಂದರು. ಚಾಚಾನಿಗೆ ಯಾರನ್ನು ಯಾರಿಗೆ ಜೋಡಿಸಬೇಕು ಎಂಬ ವಿವೇಕ ಇರಲಿಲ್ಲ, ಜೋಡಿಸುವ ಚಟ ಮಾತ್ರ ಇತ್ತು. ಕೈಯಲ್ಲಿ ವಾದ್ಯದಂಥದ್ದು ಏನು ಕಂಡರೂ ಬ್ರೇಕ್ ಹಾಕುತ್ತಿದ್ದ. ಟವೆಲ್ಲಿನಲ್ಲಿ ದಪ್ಪು ಸುತ್ತಿಕೊಂಡು ರಸ್ತೆಬದಿ ನಿಂತವನೊಬ್ಬನನ್ನು ಹಾಗೇ ಹತ್ತಿಸಿಕೊಂಡು, "ಇವರು ಪದಾ ಬರೀತಾರ, ನೀ ಬಾರಸ್ತಿ, ಇನ್ನೇನ ಬೇಕ್ರಿ ನಿಮಗ," ಎಂದು ಇಬ್ಬರನ್ನೂ ಒತ್ತಿ ಕೂರಿಸಿದ. ದಪ್ಪಿನವನು ಒಳ್ಳೆಯ ಕೈಯವನೇ ಆಗಿದ್ದ. ಆದರೆ ಅದಕ್ಕೂ ಮೊದಲು ಮದುವೆ ಬ್ಯಾಂಡಿನ ಪೀಪಿಯವನೊಬ್ಬನನ್ನು ನನ್ನ ಮನೆಯತನಕ ಕಳಿಸಿದ್ದ. ಅವನಿಗೆ ಬರುತ್ತಿದ್ದುದು ವರನ ಮೆರವಣಿಗೆಯ ಒಂದೇ ಚಾಲು. ನನ್ನ ದುಃಖದ ಹಾಡಿಗೂ ಅದನ್ನೇ ಊದಿದ. ಇನ್ನೊಮ್ಮೆ ಉದ್ದ ಚೀಲ ಹಿಡಿದವರನ್ನು ಸಿತಾರಿನವರೆಂದು ನನಗೆ ಗಂಟುಹಾಕಿದ. ಚೀಲದಲ್ಲಿ ಇದ್ದದ್ದು ಔಷಧಿ ಹೊಡೆಯುವ ಪಂಪಿನ ಕೊಳವೆ.

ಸಿಟ್ಟು ಮಾಡಿದರೆ ಚಾಚಾನಿಗೆ ತಾಗುತ್ತಿರಲಿಲ್ಲ. "ಒಂದ ಹುಸಿ ಹೋದ್ರ ಇನ್ನೊಂದ ಸಿಗತೈತಿ ಬಿಡೋ. ಗಾಡಿ ಏನ ಬಂದ ಮಾಡೇನೇನ ನಾ?" ಅನ್ನುತ್ತಿದ್ದ. ಖರೆಯೇ, ಸಿಕ್ಕರು. ಸವದತ್ತಿಗೆ ಬಾಡಿಗೆ ಹೋದಾಗ ಅಲ್ಲಿಯ ಪ್ರಾಥಮಿಕ ಶಾಲೆಯ ಅಕ್ಕೋರೊಬ್ಬರು ಮಡಿಲಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಅವನ ಗಾಡಿ ಹತ್ತಿದರು. ಭಜನಿ ಮೇಳದಲ್ಲಿ ನುಡಿಸುವವರು. ಅವರ ನಂಬರನ್ನು ಚಾಚಾ ನನಗೆ ಕೊಡುವುದರ ಜೊತೆಗೆ ನನ್ನ ನಂಬರನ್ನೂ ಅವರಿಗೆ ಕೊಟ್ಟು, ನಾನು ಕರೆ ಮಾಡುವ ಮೊದಲೇ ಒಂದು ಭಾನುವಾರ ಬರಲು ಹೇಳಿಬಿಟ್ಟಿದ್ದ. ನಮ್ಮ ಮನೆಯಲ್ಲಿ ಅವತ್ತು ಸುಣ್ಣ ಬಳಿಯುತ್ತಿದ್ದರು. ಅಕ್ಕೋರು ಅಂಗಳದಲ್ಲಿ ಕುಳಿತು ಬಾರಿಸಿದರು. ಬಳಿಯುವವರು ಕುಂಚ ಹಿಡಿದು ನಿಂತು ಕೇಳಿದರು.

ಹಾಗೆ ನಾವು ನಾಲ್ವರಾದೆವು. ಬರೆಯಲು ನಾನು, ದಪ್ಪಿಗೆ ಅವನು, ಹಾರ್ಮೋನಿಯಂ ಪೆಟ್ಟಿಗೆಗೆ ಅಕ್ಕೋರು, ಹಾಡಲು ಚಾಚಾ. ಆ ದಿನಗಳಲ್ಲೇ ನನ್ನ ಒಂದು ಒಳ್ಳೆಯ ಹಾಡು ಹುಟ್ಟಿತು. ಬರೆದವನಿಗೆ ಇದು ಗೊತ್ತಾಗುತ್ತದೆ. ನೂರು ಬರೆದರೂ ನಿಲ್ಲುವುದು ಯಾವುದು ಎಂಬುದು ಕೈಗೇ ತಿಳಿಯುತ್ತದೆ. ಅದರ ಪಲ್ಲವಿ ಹೀಗಿತ್ತು:

ನೀರ ಕೊಟ್ಟವರ ಊರ ಕೇಳಬ್ಯಾಡೋ ತಮ್ಮಾ
ಕುಡದ ಚರಿಗಿ ತೊಳದಿಡೋ

ರಿವಾಯತ ಪದಗಳಲ್ಲಿ ಒಂದು ಪದ್ಧತಿ ಇದೆ. ಕೊನೆಯ ನುಡಿಯಲ್ಲಿ ಪದ ಕಟ್ಟಿದ ಊರಿನ ಹೆಸರು ಬರಬೇಕು. ನಾನೂ ಆ ಪದ್ಧತಿ ಹಿಡಿದೆ. ನನ್ನ ಹೆಸರು ಇಟ್ಟರೆ ಸೊಕ್ಕು ಕಂಡೀತೆಂದು ಊರನ್ನಷ್ಟೇ ಇಟ್ಟೆ:

ನಾಡಾಗ ಚೆಂದ ನೇಸರಗಿ ಊರೋ
ಅಲ್ಲೇ ಹುಟ್ಟಿತೋ ಈ ಪದಾ

ಇದೊಂದು ಹಾಡು ನನ್ನದೆಂದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಬೇರೆ ಆಸೆ ನನಗಿರಲಿಲ್ಲ. ಆ ಊರಿನ ಹೆಸರು ನನ್ನ ಸಹಿ ಇದ್ದ ಹಾಗೆ.

ಚಾಚಾ ಅದನ್ನು ಕೆಲವೇ ದಿನಗಳಲ್ಲಿ ಬಾಯಿಪಾಠ ಮಾಡಿದ. ಅವನ ಗಂಟಲಿಗೆ ಬಿದ್ದ ಮೇಲೆ ನನ್ನ ಹಾಡು ನನಗೇ ಹೊಸದಾಗಿ ಕೇಳಿತು. 'ತೊಳದಿಡೋ' ಎಂಬಲ್ಲಿ ಅವನು ದನಿಯನ್ನು ಕೆಳಗಿಳಿಸುವ ರೀತಿಗೆ ಹಿಂದಿನ ಸೀಟಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನಾನು ಹಿಗ್ಗಿನಿಂದ ಹೊರಗೆ ನೋಡುತ್ತ ಕೂರುತ್ತಿದ್ದೆ.

ಆ ಹಿಗ್ಗು ಬಹಳ ದಿನ ಬಾಳಲಿಲ್ಲ. ಒಂದು ದಿನ ಗಾಡಿ ತುಂಬ ಸುರೇಬಾನದ ಬೀಗರು, ನೇಸರಗಿಯಲ್ಲಿ ಯಾವುದೋ ಸೀಮಂತಕ್ಕೆ ಹೊರಟವರು. ಚಾಚಾ ಕೊನೆಯ ನುಡಿಗೆ ಬಂದು, 'ನಾಡಾಗ ಚೆಂದ ಸುರೇಬಾನ ಊರೋ' ಎಂದು ಹಾಡಿದ. ಬೀಗರು ಹೋ ಎಂದು ಚಪ್ಪಾಳೆ ಹಾಕಿದರು. ಅವರು ಇಳಿದ ಕೂಡಲೇ ನಾನು ಚಾಚಾನನ್ನು ಹಿಡಿದೆ.

"ಚಾಚಾ, ಅದು ನೇಸರಗಿ."

"ನೇಸರಗೀನ. ಯಾರ ಇಲ್ಲಾಂದ್ರು?"

"ನೀ ಸುರೇಬಾನ ಅಂದಿ."

"ಅವರು ಸುರೇಬಾನದವರು ಅದಾರಲ್ಲೋ. ಗಾಡ್ಯಾಗ ಕುಂತವರ ಮುಂದ ಬ್ಯಾರೆ ಊರ ಚೆಂದ ಅಂದ್ರ ಹೆಂಗ ಅನಸತೈತಿ ಅವರಿಗೆ? ಮೇಳ ಯಾವ ಊರಿಗೆ ಹೋಗತೈತಿ ಆ ಊರ ಹೆಸರ ತಗೋಬೇಕು. ನಮ್ಮ ಉಸ್ತಾದರು ಹಂಗ ಕಲಸ್ಯಾರ."

"ಅಲ್ಲೇ ಹುಟ್ಟಿತೋ ಈ ಪದಾ ಅಂತ ಮುಂದಿನ ಸಾಲ ಐತಿ. ಅದು ಸುಳ್ಳ ಆಗಲಿಲ್ಲೇನು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಕವಿಗಳಽ, ನೀರ ಕೊಟ್ಟವರ ಊರ ಕೇಳಬ್ಯಾಡ ಅಂತ ನೀವಽ ಬರದೀರಿ. ಈಗ ನಮ್ಮೂರ ಹೇಳು, ನಮ್ಮೂರ ಹೇಳು ಅಂತ ಬೆನ್ನ ಹತ್ತೀರಿ."

ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದ್ದಕ್ಕೆ ಇನ್ನಷ್ಟು ಉರಿಯಿತು. ಅಲ್ಲಿಂದ ಮುಂದೆ ಗಾಡಿ ಹತ್ತಿದವರಿಗೆಲ್ಲ ಅವರವರ ಊರು ಸಿಕ್ಕಿತು. ರಾಮದುರ್ಗದವರಿಗೆ ರಾಮದುರ್ಗ, ಸವದತ್ತಿಯವರಿಗೆ ಸವದತ್ತಿ. ಬೈಲಹೊಂಗಲ ತಾಳಕ್ಕೆ ಕೂರುವುದಿಲ್ಲ, ಅದನ್ನೂ ಹಿಸುಕಿ ಕೂರಿಸಿದ. ನೇಸರಗಿಯವರೇ ತುಂಬಿದ್ದಾಗ ನೇಸರಗಿ ಅಂದಿರಬಹುದು. ಆದರೆ ನಾನಿದ್ದಾಗ ಯಾರಾದರೊಬ್ಬ ಪರ ಊರಿನವರು ಇದ್ದೇ ಇರುತ್ತಿದ್ದರು. ಚಾಚಾನ ಕಣ್ಣಿಗೆ ಪರ ಊರಿನವರೇ ಬೀಗರು, ನಾನು ಮನೆಯವನು.

ರೆಕಾರ್ಡ್ ಮಾಡಿಸಿಬಿಟ್ಟರೆ ತಂಟೆ ಮುಗಿಯುತ್ತದೆ ಎಂದುಕೊಂಡೆ. ಒಮ್ಮೆ ಅಚ್ಚೊತ್ತಿದರೆ ಊರು ಅದಲು-ಬದಲು ಮಾಡಲಾಗುವುದಿಲ್ಲವಲ್ಲ. ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಸಣ್ಣ ಸ್ಟುಡಿಯೋ ಇತ್ತು. ಒಂದು ಮಧ್ಯಾಹ್ನ ನಾಲ್ವರೂ ಹೋದೆವು.

ಚಾಚಾನಿಗೆ ನಿಂತು ಹಾಡಲು ಬರುವುದಿಲ್ಲ ಎಂಬುದು ನಮಗೆ ಗೊತ್ತಾದದ್ದೇ ಅಲ್ಲಿ. ರಿವಾಯತದಲ್ಲಿ ಹೆಜ್ಜೆ ಮುಂದಿಟ್ಟಾಗ ಒಂದು ಸಾಲು, ಹಿಂದಿಟ್ಟಾಗ ಒಂದು ಸಾಲು. ಮೈಕಿನ ಮುಂದೆಯೂ ಅವನು ಹಾಗೇ ಮಾಡಿದ. 'ನೀರ ಕೊಟ್ಟವರ' ಕಿವಿಗೆ ಬಡಿಯಿತು, 'ಊರ ಕೇಳಬ್ಯಾಡೋ' ಗೋಡೆಯ ಆಚೆಯಿಂದ ಬಂದ ಹಾಗೆ ಕೇಳಿತು. ನಿಲ್ಲೆಂದರೆ ಮೊದಲ ಸಾಲಿಗೆ ನಿಲ್ಲುತ್ತಿದ್ದ, ಎರಡನೆಯದಕ್ಕೆ ಕಾಲು ಏಳುತ್ತಿತ್ತು. ದಪ್ಪಿನವನು ಕೆಳಗೆ ಕುಳಿತು ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡ. ಆಗ ದನಿಯೇ ಸತ್ತುಹೋಯಿತು.

"ಕಾಲ ಬಿಡೋ," ಅಂದ ಚಾಚಾ. "ಉಸರ ಅಲ್ಲಿಂದ ಬರತೈತಿ."

ಕೊನೆಗೆ ಸ್ಟುಡಿಯೋದವನೇ ಉಪಾಯ ಮಾಡಿದ. ಎರಡು ಮೈಕು ಇಟ್ಟು, ನಡುವೆ ದಪ್ಪ ಚಾದರ ಹಾಸಿ, "ಎಷ್ಟ ಬೇಕಾರ ಅಡ್ಡಾಡ್ರಿ ಚಾಚಾ," ಎಂದ. ಚಾಚಾ ಕಣ್ಣು ಮುಚ್ಚಿ ಶುರು ಮಾಡಿದ. ಅಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ. ಅಕ್ಕೋರು ಪೆಟ್ಟಿಗೆ ನುಡಿಸುತ್ತಲೇ ಭುಜಕ್ಕೆ ಕಣ್ಣೊರೆಸಿಕೊಂಡರು. ಕೊನೆಯ ನುಡಿಗೆ ಇನ್ನು ಒಂದೇ ಸಾಲು ಇರುವಾಗ ಚಾಚಾ ಕಣ್ಣು ತೆರೆದ. ಎದುರಿಗೆ ಗಾಜಿನ ಆಚೆ ಸ್ಟುಡಿಯೋದ ಹುಡುಗ, ಕಿತ್ತೂರಿನವನು. ಮಾಳಿಗೆ ಹತ್ತುವಾಗಲೇ ಚಾಚಾ ಅವನ ಊರು ಕೇಳಿದ್ದು ನನಗೆ ಆಗ ನೆನಪಾಯಿತು. ಅಷ್ಟರಲ್ಲಿ ತಡವಾಗಿತ್ತು.

'ನಾಡಾಗ ಚೆಂದ ಕಿತ್ತೂರ ಊರೋ, ಅಲ್ಲೇ ಹುಟ್ಟಿತೋ ಈ ಪದಾ.'

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮತ್ತೆ ಹಾಡಿಸಿದೆ. ಎದುರಿಗೆ ನಾನೇ ನಿಂತು 'ನೇಸರಗಿ, ನೇಸರಗಿ' ಎಂದು ಬಾಯಿ ಆಡಿಸಿದೆ. ಹಾಡಿದ, ಬಸ್ಸಿನ ಬೋರ್ಡು ಓದಿದ ಹಾಗೆ. ಸಂಜೆಯವರೆಗೂ ಹಾಡಿಸಿದರೂ ಮೊದಲಿನದು ಮರಳಲಿಲ್ಲ. ಬರೀ ಊರಿನ ಹೆಸರು ಕತ್ತರಿಸಿ ಸೇರಿಸೋಣವೆಂದರೆ, ಒಂದೊಂದು ಸಲಕ್ಕೆ ಒಂದೊಂದು ಶ್ರುತಿ. ಅಕ್ಕೋರು ಮೆಲ್ಲಗೆ, "ಊರ ಹೋಗಲಿ ಬಿಡ್ರಿ. ಆ ಧ್ವನಿ ಮತ್ತ ಸಿಗೂದಿಲ್ಲ," ಅಂದರು. ದಪ್ಪಿನವನೂ ಅದೇ ಅಂದ. ಹಾಡು ಕಿತ್ತೂರಿನ ಹೆಸರಿನಲ್ಲೇ ನನ್ನ ಚಾನೆಲ್ಲಿಗೆ ಹೋಯಿತು. ಕೆಳಗೆ 'ರಚನೆ' ಎಂದು ನನ್ನ ಹೆಸರು ಹಾಕಿದೆ. ಆ ಸಣ್ಣ ಅಕ್ಷರ ಓದುವವರು ಯಾರು?

ಹಾಡು ಹಬ್ಬಿತು. ಮೊದಲ ಸಲ ನನಗೆ ಗುರುತಿಲ್ಲದವರು ಕೇಳತೊಡಗಿದರು. ಟ್ರ್ಯಾಕ್ಟರುಗಳಲ್ಲಿ ಕೇಳಿತು, ಸಂತೆಯಲ್ಲಿ ಕೇಳಿತು. ಕೆಲ ಕಾಲದ ನಂತರ ಕಿತ್ತೂರಿನಲ್ಲಿ ಸ್ವಂತ ರಚನೆಯ ಹೊಸ ಹಾಡುಗಳಿಗೆಂದೇ ಒಂದು ಕಾರ್ಯಕ್ರಮ ಇಟ್ಟಿದ್ದರು. ನಾಲ್ವರೂ ಚಾಚಾನ ಗಾಡಿಯಲ್ಲೇ ಹೋದೆವು. ಹೊಸ ಅಂಗಿ ಹಾಕಿಕೊಂಡಿದ್ದೆ. ಮೇಜಿನ ಹಿಂದೆ ಕುಳಿತ ಹಿರಿಯರು ಹಾಡಿನ ಮೊದಲ ಸಾಲು ಕೇಳಿದವರೇ ಕನ್ನಡಕ ತೆಗೆದಿಟ್ಟರು.

"ಇದು ನಮ್ಮೂರ ಹಳೇ ಪದಾ ಅಲ್ಲೇನ್ರಿ? ನೀವ ಹೆಂಗ ಬರದ್ರಿ?"

"ನಾನ ಬರದದ್ದರಿ ಇದನ್ನ."

"ಪದದಾಗಽ ಐತಲ್ರಿ, ಕಿತ್ತೂರಾಗ ಹುಟ್ಟಿತು ಅಂತ."

ಅವರ ಪಕ್ಕದವರು ತಲೆ ಅಲ್ಲಾಡಿಸಿದರು. "ಕಿತ್ತೂರದ್ದಲ್ಲರಿ ಅದು, ಸುರೇಬಾನದ್ದು. ನನ್ನ ಹೆಂಡತಿ ತವರೂರು ಅದು, ಮೊಹರಮ್ಮಿನ್ಯಾಗ ನಾನ ಕೇಳೇನಿ."

ಇಬ್ಬರೂ ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ನೇಸರಗಿಯ ಮಾತು ಎತ್ತಲು ನನಗೆ ಸಂದೇ ಸಿಗಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಇತ್ತು, ಹಾಡು ನನ್ನದಲ್ಲ. ಚಾಚಾ ಹೇಳುತ್ತಾನೆಂದು ಅವನತ್ತ ನೋಡಿದೆ. "ಬರದಾಂವ ಇವನರಿ," ಅಂದ, ನನ್ನ ಬೆನ್ನ ಮೇಲೆ ಕೈಯಿಟ್ಟು. ಆದರೆ ಅದನ್ನು ಹೇಳುವಾಗ ಅವನ ಮುಖದಲ್ಲಿ ಎಂಥ ನಗು ಇತ್ತೆಂದರೆ, ಅವರು ಅದನ್ನು ಚೇಷ್ಟೆಯೆಂದೇ ತಿಳಿದರು. ಕೊನೆಗೆ ದೊಡ್ಡ ಮನಸ್ಸು ಮಾಡಿ ನಮಗೆ ವೇದಿಕೆ ಕೊಟ್ಟರು. 'ಈಗ ಒಂದು ಜಾನಪದ ಗೀತೆ, ರಚನೆ ಅಜ್ಞಾತ' ಎಂದು ಧ್ವನಿವರ್ಧಕದಲ್ಲಿ ಕೂಗಿದರು. ಆ ಅಜ್ಞಾತ ವೇದಿಕೆಯ ಅಂಚಿನಲ್ಲಿ ಹೊಸ ಅಂಗಿ ತೊಟ್ಟು ಚಪ್ಪಾಳೆ ತಟ್ಟುತ್ತ ನಿಂತಿದ್ದ. ಮುಂದಿನ ಸಾಲಿನವರೆಲ್ಲ ಕೂಡಿ ಹಾಡಿದರು. ಒಂದು ಶಬ್ದವೂ ತಪ್ಪಲಿಲ್ಲ, ನನ್ನ ಊರೊಂದನ್ನು ಬಿಟ್ಟು.

ಮರಳುವಾಗ ಚಾಚಾ ಕುಣಿಯುವುದೊಂದು ಬಾಕಿ. "ಅಜ್ಜನ ಕಾಲದ ಪದಾ ಅಂದ್ರಲ್ಲೋ. ನಿನ್ನ ಜೀವಮಾನದಾಗ ಇನ್ನೇನ ಆಗಬೇಕು?"

"ನನ್ನ ಹೆಸರ ಆಗಬೇಕಿತ್ತು."

"ಹೆಸರ ಏನೋ, ಊಟಕ್ಕ ಕರಿಯಾಕೂ ಕೂಗತಾರ."

ನನಗೆ ನಗು ಬರಲಿಲ್ಲ. ಯಾವತ್ತೂ ಮುಂದೆ ಕೂರುವವನು ಅವತ್ತು ಹಿಂದೆ ಕುಳಿತಿದ್ದೆ. ಮರುದಿನದಿಂದ ಬಸ್ಸಿಗೆ ಹೋಗತೊಡಗಿದೆ. ಬಸ್ ಸ್ಟ್ಯಾಂಡಿನ ಮುಂದೆ ಹಾಯುವಾಗ ಚಾಚಾ ಗಾಡಿ ನಿಧಾನ ಮಾಡಿ ಆ ಪಲ್ಲವಿಯ ತಾಳವನ್ನು ಹಾರ್ನಿನಲ್ಲಿ ಬಾರಿಸುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ. ಬಸ್ಸು ತಡವಾದ ದಿನ ಹತ್ತಿದ್ದೂ ಉಂಟು. ಆಗ ಅವನು ಏನೂ ಆಗದವನ ಹಾಗೆ, "ಕವಿಗಳು ಬಂದ್ರು, ಸರೀರಿ," ಅನ್ನುತ್ತಿದ್ದ. ಊರು ಬದಲಿಸುವುದನ್ನೇನೂ ಬಿಟ್ಟಿರಲಿಲ್ಲ. ನಾವು ಜಗಳಾಡುತ್ತ ಬೈಲಹೊಂಗಲ ಮುಟ್ಟುತ್ತಿದ್ದೆವು.

ಆ ಜಗಳ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಚಾಚಾ ಚಹಾ ಕುಡಿಯುತ್ತ ಕುಳಿತವನು ಎದೆ ಹಿಡಿದುಕೊಂಡನಂತೆ, ದವಾಖಾನೆ ಮುಟ್ಟುವ ಮೊದಲೇ ಹೋದನಂತೆ. ದಪ್ಪಿನವನು ಅಂಗಡಿಗೆ ಬಂದು ಹೇಳಿದ. ಮಣ್ಣಿಗೆ ಸುರೇಬಾನಕ್ಕೆ ಒಯ್ದರು. ನಾವು ಮೂವರೂ ಹೋದೆವು. ಅಲ್ಲಿ ಸೇರಿದ ಮಂದಿಯಲ್ಲಿ ಅರ್ಧಕ್ಕರ್ಧ ಅವನ ಗಾಡಿ ಹತ್ತಿದವರು, ಬೇರೆ ಬೇರೆ ಊರಿನವರು. ಪ್ರತಿಯೊಬ್ಬರೂ ಆ ಹಾಡಿನ ಮಾತು ಎತ್ತಿದರು, ಪ್ರತಿಯೊಬ್ಬರೂ ತಮ್ಮೂರ ಪದವೆಂದೇ ಎತ್ತಿದರು. ಮಣ್ಣು ಕೊಟ್ಟು ಕೈ ತೊಳೆಯುತ್ತಿರುವಾಗಲೂ ನನಗೆ ಅವನ ಮೇಲೆ ಸಿಟ್ಟಿತ್ತು. ಜೊತೆಗೆ ಅಳುವೂ ಬರುತ್ತಿತ್ತು. ಎರಡನ್ನೂ ಒಟ್ಟಿಗೆ ಹೇಗೆ ತಡೆದುಕೊಳ್ಳುವುದೋ ತಿಳಿಯಲಿಲ್ಲ.

ಕೆಲವು ವಾರ ಕಳೆದು ಬೈಲಹೊಂಗಲದ ಅವನ ಮನೆಗೆ ಹೋಗಿ ಚಾಚಿಯನ್ನು ಕಂಡೆ. ಚಾಚಿ ಹೊಲಿಗೆಯ ಕೆಲಸ ಮಾಡುವವಳು. ಅವಳ ತಂಗಿ ನೇಸರಗಿಯಲ್ಲಿದ್ದುದರಿಂದ ಅಲ್ಲಿಯ ಹೊಲಿಗೆ ಬಟ್ಟೆ ತರಲು ಹೋಗಿ, ಸಂಜೆಯ ಕಡೆಯ ಖೇಪಿಗೆ ಗಂಡನ ಗಾಡಿಯಲ್ಲೇ ಮರಳುತ್ತಿದ್ದಳು. ಟಂಟಂ ಅಂಗಳದಲ್ಲಿ ನಿಂತಿತ್ತು. ಬ್ರೇಕಿನ ಪಕ್ಕದ ತಗಡು ಕಾಲು ಬಡಿದೂ ಬಡಿದೂ ತಗ್ಗಾಗಿತ್ತು.

ಚಾಚಿ ಚಹಾ ಕೊಟ್ಟು, "ಅವರ ಮ್ಯಾಲ ಭಾಳ ಸಿಟ್ಟ ಇತ್ತಲ್ಲಾ ನಿನಗ," ಅಂದಳು.

"ಐತಿ ಚಾಚಿ. ಇನ್ನೂ ಐತಿ."

"ಇರಲಿ. ಅವರಿಗೂ ಗೊತ್ತಿತ್ತದು." ಸೆರಗಿನಿಂದ ಮುಖ ಒರೆಸಿಕೊಂಡಳು. "ಸಂಜಿಮುಂದ ನೇಸರಗಿಂದ ಬರೂವಾಗ ಗಾಡಿ ಖಾಲಿ ಇರತಿತ್ತು. ನಾ ಒಬ್ಬಾಕಿ. ಆಗೂ ಹಾಡಾವರು, ಅದಽ ಪದಾ. ಆವಾಗ ಯಾವ ಊರ ಹಾಕತಿದ್ರು ಗೊತ್ತೇನು?"

ನಾನು ಅಂಗಳದ ಗಾಡಿಯತ್ತ ನೋಡಿದೆ.

"ನೇಸರಗಿ. ದಿನಾ ನೇಸರಗಿ. ನಾ ಸುರೇಬಾನದಾಕಿ, ಮಗ್ಗಲಾಗ ಕುಂತೇನಿ, ನನ್ನ ಊರ ಒಂದ ದಿನಾ ಹಾಕಲಿಲ್ಲ ಆ ಮನಷ್ಯಾ. ಕೇಳಿದ್ನಿ ನಾನೂ. ಮಂದಿ ಇದ್ದಾಗ ಮಂದೀದು, ಯಾರೂ ಇಲ್ಲದಾಗ ಅವಂದು ಅವಗ ಮುಟ್ಟಸಬೇಕು ಅಂದ್ರು."

ಚಹಾ ಕೈಯಲ್ಲೇ ಆರಿತು. ಯಾರೂ ಕೇಳದ ಕಡೆ ನನ್ನ ಊರು ಹಾಡಿದರೆ ನನಗೆ ಏನು ಬಂದ ಹಾಗಾಯಿತು ಎಂದು ಕೇಳಬೇಕೆನಿಸಿತು. ಉತ್ತರ ಹೇಳಬೇಕಾದವನು ಇರಲಿಲ್ಲ. ಅದೇ ಸಂಕಟ. ಎರಡು ದಿನದ ಮಟ್ಟಿಗೆ ಅವನನ್ನು ಮಣ್ಣಿನಿಂದ ಎಬ್ಬಿಸಿ ಕಳಿಸಿದ್ದರೆ, ಆ ಮುಂದಿನ ಸೀಟಿನಲ್ಲಿ ಕುಳಿತು ಇದೊಂದು ಮಾತಿಗೆ ಸರಿಯಾಗಿ ಜಗಳಾಡುತ್ತಿದ್ದೆ. "ಒಂದು ಸಲವಾದರೂ ನನಗೆ ಕೇಳಿಸುವ ಹಾಗೆ ಹಾಡಬಾರದಿತ್ತೇ?" ಎಂದು.

ದಪ್ಪಿನವನು, ಅಕ್ಕೋರು, ನಾನು ಈಗಲೂ ಕೂಡಿಯೇ ಇದ್ದೇವೆ. ಚಾಚಾ ಒತ್ತಿ ಕೂರಿಸಿದ ಹಾಗೆಯೇ ಉಳಿದೆವು. ಹಾಡಲು ಬೇರೆ ಯಾರೂ ಒಗ್ಗಲಿಲ್ಲ, ಹಾಗಾಗಿ ಈ ಒಡಕು ಗಂಟಲಿನಲ್ಲಿ ನಾನೇ ಹಾಡುತ್ತೇನೆ. ಕೊನೆಯ ನುಡಿಯಲ್ಲಿ ಹಟ ಹಿಡಿದು ನೇಸರಗಿಯನ್ನೇ ಹಾಕುತ್ತೇನೆ. ನನ್ನ ಹಾಡು, ನನ್ನ ಹಕ್ಕು. ಆ ಸಾಲಿಗೆ ಬಂದಾಗ ಮಂದಿ ಯಾಕೋ ಸುಮ್ಮನಾಗುತ್ತಾರೆ, ಒಂದಿಬ್ಬರು ತಪ್ಪು ಹಾಡಿದನೆಂದು ನನ್ನ ಮುಖ ನೋಡುತ್ತಾರೆ.

ಮೊನ್ನೆ ರಾಮದುರ್ಗದಲ್ಲಿ ಒಂದು ಗೃಹಪ್ರವೇಶಕ್ಕೆ ಕರೆದಿದ್ದರು. ಕೊನೆಯ ನುಡಿಗೆ ಬಂದಾಗ ಎದುರಿನ ಚಾಪೆಯ ಮೇಲೆ ಕುಳಿತ ಮುದುಕಿಯೊಬ್ಬಳು ಕತ್ತು ಮುಂದೆ ಚಾಚಿ, ತನ್ನ ಊರಿನ ಸರದಿಗೆ ಕಾಯುವವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಬಂದ ನೇಸರಗಿಯನ್ನು ನುಂಗಿ, ರಾಮದುರ್ಗ ಎಂದೆ. ಅವಳು ಬೊಚ್ಚು ಬಾಯಿ ತೆರೆದು ನಕ್ಕಳು, ಚಾಪೆಯವರೆಲ್ಲ ದನಿ ಕೂಡಿಸಿದರು. ಇದನ್ನು ನೋಡಲು ಆ ಮನುಷ್ಯ ಇರಬೇಕಿತ್ತು.

ಮರಳುವಾಗ ಬಾಡಿಗೆಯ ಟಂಟಂ. ಅಕ್ಕೋರು ಸವದತ್ತಿಯಲ್ಲಿ ಇಳಿದರು. ಆಮೇಲೆ ದಪ್ಪಿನವನು ಬೆರಳ ತುದಿಯಿಂದ ಸುಮ್ಮನೆ ತಾಳ ಹಿಡಿದ. ನಾನು ಮೆಲ್ಲಗೆ ಶುರು ಮಾಡಿದೆ. ಕೊನೆಯ ನುಡಿ ಬಂತು. ಯಾರದು ಯಾರಿಗೆ ಮುಟ್ಟಬೇಕೋ ಮುಟ್ಟಲಿ ಎಂದು ಸುರೇಬಾನ ಎಂದೆ. ದಪ್ಪಿನವನ ತಾಳ ತಪ್ಪಲಿಲ್ಲ. ಓಡಿಸುವವನನ್ನು ಬಿಟ್ಟರೆ ಗಾಡಿಯಲ್ಲಿ ನಮ್ಮ ಹೊರತು ಯಾರೂ ಇರಲಿಲ್ಲ.